ಜಯಮ್ಮನ ಜಂಟಿ ಫೋಟೊ

ಮೇ ಮೂವತ್ತೊಂದು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಮದ್ದೂರಿನ ನಮ್ಮ ಕಚೇರಿಯ ಸಿಬ್ಬಂದಿ ಶಾಖೆ. ಹಾಜರಿದ್ದವರು ಮೂವರು: ಪಿಂಚಣಿ ಕಡತಗಳನ್ನು ನೋಡಿಕೊಳ್ಳುತ್ತಿದ್ದ ನಾನು, ಆ ಕೆಲಸವನ್ನು ನನ್ನಿಂದ ವಹಿಸಿಕೊಳ್ಳಲು ಬಂದಿದ್ದ ಪವಿತ್ರಾ, ಮೂವತ್ತು ವರ್ಷದಿಂದ ಅದೇ ಕಚೇರಿಯಲ್ಲಿ ಗ್ರೂಪ್ ಡಿ ನೌಕರಳಾಗಿದ್ದ ಜಯಮ್ಮ.

ಅದು ನನ್ನ ಸೇವೆಯ ಕೊನೆಯ ದಿನ. ನನ್ನ ವಯಸ್ಸಿನ ಅರ್ಧ ಜಿಲ್ಲೆ ಅದೇ ದಿನ ನಿವೃತ್ತಿಯಾಗುತ್ತದೆ. ನಮ್ಮನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರುಗಳು ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರೆಂದು ಬರೆದಿದ್ದರು. ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆ ಎಂದು ನಮ್ಮ ಮೇಡಂ ಸುತ್ತೋಲೆ ಹೊರಡಿಸಿದ್ದರು. ಅಲ್ಲಿಯವರೆಗೆ ಸುಮ್ಮನೆ ಕುಳಿತು ಬಂದವರಿಗೆಲ್ಲ ಕೈಮುಗಿಯುವುದು ರೂಢಿ. ನನಗೆ ಅದು ಆಗದು. ಐದು ಗಂಟೆಗೆ ಗಂಟೆ ಹೊಡೆದೊಡನೆ ಚಾಪೆ ಸುತ್ತಿ ನಿಲ್ಲಬೇಕಾದ ಉಚಿತ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಆ ದಿನವೂ ಮಂಡ್ಯದಿಂದ ಎಂದಿನ ರೈಲಿಗೇ ಬಂದೆ, ಎಂದಿನಂತೆ ಚೀಟಿಯಲ್ಲಿ ದಿನದ ಕೆಲಸ ಬರೆದುಕೊಂಡೆ. ಬೀರುವಿನ ಬೀಗದ ಕೈ ಒಪ್ಪಿಸುವುದು, ಬಾಕಿ ಕಡತಗಳ ವಿವರ ಕೊಡುವುದು, ಜಯಮ್ಮನ ಪಿಂಚಣಿ ಕಾಗದ ಕಳುಹಿಸುವುದು. ಮೊದಲ ಎರಡು ಹನ್ನೊಂದರೊಳಗೆ ಮುಗಿದವು. ಮೂರನೆಯದರ ಕಥೆಯೇ ಈ ಬರಹ. ಪಿಂಚಣಿ ಶಾಖೆಗೆ ಹೊಸದಾಗಿ ಬರುವವರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಜಯಮ್ಮ ಅಕ್ಟೋಬರಿನಲ್ಲಿ ನಿವೃತ್ತಿಯಾಗಬೇಕಿತ್ತು. ಕಾಗದ ಕಳುಹಿಸಲು ಅವಸರವಿಲ್ಲ ಎನ್ನಿಸಬಹುದು; ಇತ್ತು. ಅವಳ ಎದೆಯ ಒಂದು ಕವಾಟ ಕಿರಿದಾಗಿತ್ತು. ಮೈಸೂರಿನ ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಕೊಟ್ಟಿದ್ದರು, ಮುಂದಿನ ಬುಧವಾರ. ಅದಕ್ಕೆ ಮೊದಲು ಕೊಟ್ಟ ಎರಡು ದಿನಗಳನ್ನು ಅವಳೇ ತಪ್ಪಿಸಿದ್ದಳು.

"ಪಿಂಚಿಣಿ ಕಾಗ್ದ ಓಗೋಗಂಟ ನಾನು ಆ ಮಂಚದ ಮ್ಯಾಲೆ ಮನೀಕಳಕಿಲ್ಲ ಕಣ್ ಸಾ," ಎಂಬುದು ಅವಳ ಹಟ. "ನಂಗೇನಾರ ಆಗೋದ್ರೆ ನಮ್ಮನೆಯವ್ರು ಯಾವ್ ಆಫೀಸ್ ಬಾಗ್ಲಲ್ಲಿ ನಿಂತ್ಕತಾರೆ? ಅವ್ರಿಗೆ ಬೋರ್ಡು ಓದಕ್ಕೂ ಕಣ್ ಕಾಣಕಿಲ್ಲ."

ಅವಳ ಮನೆಯವರು ವೈದ್ಯನಾಥಪುರದ ಬೋರೇಗೌಡರು. ಜೀವಮಾನವೆಲ್ಲ ಆಲೆಮನೆಯಲ್ಲಿ ಪಾಕ ನೋಡಿದವರು. ಕುದಿಯುವ ಕೊಪ್ಪರಿಗೆಯ ಹಬೆಯನ್ನೂ ಒಲೆಯ ಉರಿಯನ್ನೂ ನೋಡಿ ನೋಡಿ ಕಣ್ಣು ಮಂಜಾಗಿತ್ತು. ಅಣ್ಣತಮ್ಮಂದಿರ ಜೊತೆ ಭಾಗವಾಗದ ಸ್ವಲ್ಪ ಗದ್ದೆ ಬಿಟ್ಟರೆ ಜಯಮ್ಮನ ಸಂಬಳವೇ ಮನೆಗೆ ಆಧಾರ.

ಅಂದು ಬೆಳಿಗ್ಗೆ ಅವಳು ತಂದುಕೊಟ್ಟ ಲಕೋಟೆಯಲ್ಲಿ ಮೂರು ಜಂಟಿ ಫೋಟೊಗಳಿದ್ದವು. ಪಿಂಚಣಿ ಕಾಗದಕ್ಕೆ ಗಂಡ ಹೆಂಡತಿ ಒಟ್ಟಿಗೆ ಕುಳಿತ ಫೋಟೊ ಬೇಕು. ಮುಂದೆ ಒಬ್ಬರು ಹೋದಾಗ ಖಜಾನೆಯವರು ಇನ್ನೊಬ್ಬರನ್ನು ಗುರುತು ಹಿಡಿಯುವುದು ಅದರಿಂದಲೇ. ನಾನು ಫೋಟೊ ನೋಡಿದೆ. ಜಯಮ್ಮ ನೀಲಿ ಸೀರೆಯುಟ್ಟು ನೇರ ಕುಳಿತಿದ್ದಳು. ಪಕ್ಕದಲ್ಲಿ ಬೋರೇಗೌಡರು ಪೇಟ ಸುತ್ತಿಕೊಂಡು ಯಾರನ್ನೋ ನೋಡಿ ನಗುತ್ತಿದ್ದರು. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲಿಲ್ಲ. ಪವಿತ್ರಾ ಹಿಂದಿನಿಂದ ಬಗ್ಗಿ ನೋಡಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

"ಸರ್, ಗೌಡ್ರ ಭುಜದ ಮೇಲೆ ಒಂದು ಕೈ ಇದೆ. ಜಯಮ್ಮನ ಎರಡೂ ಕೈ ತೊಡೆ ಮೇಲಿವೆ. ಹಾಗಾದ್ರೆ ಇದು ಯಾರ್ದು?"

ಉಂಗುರ ತೊಟ್ಟ ನಾಲ್ಕು ಬೆರಳು. ಹಿಂದೆ ಯಾರೂ ಇಲ್ಲ, ಬರೀ ನೀಲಿ ಪರದೆ.

ಜಯಮ್ಮ ಕಿಟಕಿಯ ಕಡೆ ನೋಡುತ್ತ, "ಅದು ನಮ್ ಮೈದ ಕಣ್ ಸಾ," ಎಂದಳು. "ಮಗನ ಮದ್ವೇಲಿ ತಗ್ದಿದ್ದು. ಸಲೀಮಣ್ಣ ಕಂಪೂಟ್ರಲ್ಲಿ ಮೈದನ್ನ ತಗ್ದಾಕಿ ಪಕ್ದಲ್ಲಿ ನನ್ನ ಕುಂಡ್ರುಸ್ದ. ಕೈ ಮರ್ತ್‌ಬುಟ್ಟವ್ನೆ."

ಸಲೀಂ ನಮ್ಮ ಕಚೇರಿಯ ಎದುರಿನ ಸ್ಟುಡಿಯೋದವನು. ಕೈಕೆಲಸದಲ್ಲಿ ಗಟ್ಟಿಗ, ಇಲ್ಲವೆನ್ನುವುದರಲ್ಲಿ ಮೆತ್ತಗೆ. ಯಾರು ಏನು ಕೇಳಿದರೂ ಮಾಡಿಕೊಡುತ್ತಾನೆ. ಅವನ ತಪ್ಪಲ್ಲ. ನಾನು ಫೋಟೊಗಳನ್ನು ಹಿಂದಕ್ಕೆ ಕೊಟ್ಟೆ. ಈ ಇಬ್ಬರೂ ತನ್ನ ಎದುರಿಗೆ ಹಾಜರಾಗಿದ್ದಾರೆ ಎಂದು ಕಚೇರಿ ದೃಢೀಕರಿಸಬೇಕು. ಹಾಜರಾಗದವರನ್ನು ದೃಢೀಕರಿಸುವುದು ಹೇಗೆ?

"ಗೌಡರನ್ನೇ ಕರೆದುಕೊಂಡು ಬಾಮ್ಮ. ನಾಲ್ಕು ಕಿಲೋಮೀಟರ್ ದೂರ ಇಲ್ಲ."

"ಬರಕಿಲ್ಲ ಅಂತವ್ರೆ ಸಾ. ಎಂಡ್ತಿ ಪಿಂಚಿಣಿ ಉಣ್ಣೋನಲ್ಲ ನಾನು, ಮಗನೆಸ್ರಿಗೆ ಬರ್ಕೊಟ್‌ಬುಡು ಅಂತವ್ರೆ."

ಇಲ್ಲಿ ಒಂದು ಮಾತು ವಿವರಿಸಬೇಕು. ನೌಕರ ತೀರಿಕೊಂಡ ಮೇಲೆ ಮನೆಯವರಿಗೆ ಸಿಗುವುದನ್ನೆಲ್ಲ ಜನ ಒಂದೇ ಎಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಸಲಕ್ಕೆ ಬರುವ ಉಪದಾನದ, ಅಂದರೆ ಗ್ರಾಚ್ಯುಟಿಯ, ಹಣಕ್ಕೆ ಮನೆಯವರಲ್ಲಿ ಯಾರ ಹೆಸರು ಬರೆಯಬೇಕೆಂದು ನೌಕರರು ಆರಿಸಬಹುದು. ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿಗೆ ಆ ಆಯ್ಕೆ ಇಲ್ಲ. ಗಂಡ ಅಥವಾ ಹೆಂಡತಿ ಇದ್ದರೆ ಅವರಿಗೇ ಮೊದಲು. ಮದುವೆಯಾಗಿ ದುಡಿಯುತ್ತಿರುವ ಗಂಡುಮಗನಿಗೆ ಅದು ಹೋಗುವುದೇ ಇಲ್ಲ. ಬೋರೇಗೌಡರು ಬೇಡವೆಂದರೆ ಅದು ಮಗನ ಮನೆಗಿರಲಿ, ಯಾರ ಮನೆಗೂ ಬರುವುದಿಲ್ಲ. ಕಾಗದದಲ್ಲಿ ಹೆಸರು ಫೋಟೊ ಇಲ್ಲದಿದ್ದರೂ ಹಕ್ಕು ಸತ್ತುಹೋಗದು, ನಿಜ. ಆದರೆ ವಂಶವೃಕ್ಷ, ಸಾಕ್ಷಿ, ಅಫಿಡವಿಟ್ಟು ಎಂದು ಕಣ್ಣು ಕಾಣದ ಮನುಷ್ಯ ಓಡಾಡಬೇಕು. ಜಯಮ್ಮ ಹೆದರಿದ್ದು ಇದಕ್ಕೇ.

ಈ ಪಾಠವನ್ನು ನಾನು ಕಲಿತದ್ದು ಮಳವಳ್ಳಿಯಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಅಲ್ಲಿ ನಮ್ಮ ಹೆಡ್ ಕ್ಲರ್ಕು ಸಿಡುಕಿನ ಮನುಷ್ಯ. ನಿವೃತ್ತಿ ಹತ್ತಿರ ಬಂದವರನ್ನು ಎದುರಿಗೆ ಕೂರಿಸಿ, ಸೇವಾ ಪುಸ್ತಕದ ಕುಟುಂಬದ ಪುಟವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. "ಹೆಂಡ್ತಿ ಇದ್ದಾಳಾ? ಅದೇ ಹೆಂಡ್ತೀನಾ?" ಎಂದು ಕೇಳುವಾಗ ಇಡೀ ಕಚೇರಿ ನಗುತ್ತಿತ್ತು. ಇಷ್ಟು ಜೋರಾಗಿ ಯಾಕೆ ಸಾರ್ ಎಂದು ಒಮ್ಮೆ ಕೇಳಿದೆ.

"ಈ ಪುಟ ತೆಗೆಯೋ ದಿನ ಆ ಮನೇಲಿ ಒಲೆ ಹೊತ್ತಿರಲ್ಲ ಕಣಯ್ಯಾ," ಎಂದರು. "ಅವತ್ತು ಅವರನ್ನ ಪ್ರಶ್ನೆ ಕೇಳೋಕಾಗಲ್ಲ. ಅದಕ್ಕೇ ಇವತ್ತೇ ಕೇಳಿ ಮುಗಿಸ್ತೀನಿ."

ಅದೇ ಕಚೇರಿಯ ನೌಕರರಲ್ಲಿ ಇಕ್ಬಾಲ್ ಸಾಹೇಬರು ಎಂಬ ಜೀಪ್ ಮೆಕ್ಯಾನಿಕ್ ಇದ್ದರು. ಪ್ರತಿ ವರ್ಷ ರಂಜಾನ್ ಹಬ್ಬ ಕಳೆದ ವಾರ, ಕೈಯ ಗ್ರೀಸ್ ಎಲ್ಲ ತೊಳೆದುಕೊಂಡು, ಹೆಂಡತಿಯನ್ನು ಕರೆದುಕೊಂಡು ಬಂದು ತಮ್ಮ ಪುಟ ತೋರಿಸಿ ಎನ್ನುವರು. ಆಕೆ ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತ, "ಇದೆಯಾ?" ಎನ್ನುವರು. "ಇದೆ," ಎನ್ನುವರು ಇವರು. ಅಷ್ಟೆ. ಅಲ್ಲಿಂದ ಇಬ್ಬರೂ ನೇರ ಸಿನಿಮಾಕ್ಕೆ. ಸಾಹೇಬರು ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ಆಕೆ ಬಂದಾಗ ಯಾವ ಪುಟ, ಎಲ್ಲಿ ಹೆಸರಿದೆ ಎಂದು ನಮಗೆ ಹೇಳಿದರು. ಹೆಚ್ಚುವರಿ ಕಾಗದ ಒಂದೂ ಕೇಳದೆ ಕೆಲಸ ಆಯಿತು. ಅಲ್ಲೇ ಇನ್ನೊಬ್ಬ ನೌಕರ, ಹೆಂಡತಿ ಜಗಳವಾಡಿ ತವರಿಗೆ ಹೋಗಿದ್ದ ಕೋಪದಲ್ಲಿ 'ಹೆಂಡತಿ ಇಲ್ಲ' ಎಂದು ಬರೆದುಕೊಟ್ಟಿದ್ದ. ಆಕೆ ಹಬ್ಬಕ್ಕೆ ಮುಂಚೆ ವಾಪಸು ಬಂದಳು, ಮುಂದೆ ಮೂರು ಮಕ್ಕಳಾದವು. ಬರೆದದ್ದನ್ನು ತಿದ್ದಿಸಲು ಮಾತ್ರ ಮರೆತ. ಅವನು ಹೋದ ಮೇಲೆ 'ಇಲ್ಲದ' ಆ ಹೆಂಗಸು ತಾನು ಇದ್ದೇನೆಂದು ತೋರಿಸಲು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡೆ.

ಆಗ ಸೇವಾ ಪುಸ್ತಕಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದೆವು, ಫೋಟೊವನ್ನು ಮೈದಾ ಅಂಟಿನಿಂದ ಅಂಟಿಸಿದರೆ ಜಿರಳೆ ತಿನ್ನುತ್ತಿತ್ತು. ಈಗ ಎಲ್ಲ ಕಂಪ್ಯೂಟರಿನಲ್ಲಿದೆ. ಪಿಂಚಣಿದಾರ ಬದುಕಿದ್ದಾನೆಂಬುದನ್ನೂ ಮುಖ ನೋಡಿ ಫೋನೇ ಹೇಳುತ್ತದೆ. ಬಹಳ ಒಳ್ಳೆಯದಾಯಿತು. ಆದರೆ ಬರಲೊಲ್ಲದ ಗಂಡನನ್ನು ಕರೆತರುವ ಕೆಲಸ ಹಾಗೇ ಉಳಿದಿದೆ.

ಊಟದ ಬಿಡುವಿನಲ್ಲಿ ನಾನು ಕಚೇರಿ ಬಿಟ್ಟು ಹೋದವನಲ್ಲ. ಅಂದು ಹೋದೆ, ಪವಿತ್ರಾಳ ಸ್ಕೂಟರಿನ ಹಿಂದೆ ಕುಳಿತು. ಪವಿತ್ರಾ ಹೊಳಲು ಎಂಬ ಹಳ್ಳಿಯ ಹುಡುಗಿ, ಎತ್ತಿನಗಾಡಿಗೂ ಬಸ್ಸಿಗೂ ಒಂದೇ ರೀತಿ ಹಾರ್ನ್ ಹೊಡೆಯುವವಳು. ವೈದ್ಯನಾಥಪುರದ ಹೊರಗೆ, ಕಬ್ಬಿನ ಸಿಪ್ಪೆ ಹರಡಿ ಒಣಗಿಸಿದ್ದ ಬಯಲಿನ ಪಕ್ಕ ಆಲೆಮನೆ. ಬೋರೇಗೌಡರು ಕೊಪ್ಪರಿಗೆಯಿಂದ ಒಂದು ಮಾರು ದೂರ ಕಲ್ಲಿನ ಮೇಲೆ ಕುಳಿತಿದ್ದರು. ಈಗ ಅವರು ಪಾಕ ನೋಡುವುದಿಲ್ಲ, ಅದು ಕುದಿಯುವ ಸದ್ದನ್ನು ಕೇಳಿ ಹೇಳುತ್ತಾರೆ.

"ಯಾರ್ಲಾ ಅದು?"

"ಆಫೀಸ್ನೋರು ಕಣಣ್ಣೋ," ಎಂದ ಒಲೆಗೆ ಸಿಪ್ಪೆ ತುಂಬುತ್ತಿದ್ದವನು.

"ಓ, ಬನ್ನಿ ಸಾ. ಇವತ್ತು ರಿಟೇರಲ್ವಾ ನೀವು? ಆಲು ಕುಡೀರಿ," ಎಂದು ಕಬ್ಬಿನ ಹಾಲಿನ ಕಡೆ ಕೈ ತೋರಿಸಿದರು. "ಫೋಟೋ ಇಸ್ಯ ಒಂದು ಬುಟ್ಟು ಬ್ಯಾರೆ ಏನಾರ ಕೇಳಿ."

ನಾನು ಆ ವಿಷಯವನ್ನೇ ಎತ್ತಿಕೊಂಡೆ. ಮಗನಿಗೆ ಕುಟುಂಬ ಪಿಂಚಣಿ ಹೋಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿದೆ.

"ಅಂಗಾರೆ ಬ್ಯಾಡ. ಗೌರ್ಮೆಂಟೇ ಮಡೀಕಳ್ಳಿ. ಎಂಡ್ತಿ ಪಿಂಚಿಣೀಲಿ ಇಟ್ಟುಂಡ ಅಂತ ಊರೋರ ಬಾಯಿಗೆ ಯಾಕ್ ಬೀಳ್ಲಿ?"

"ಮೂವತ್ತು ವರ್ಷ ಜಯಮ್ಮನ ಸಂಬಳದಲ್ಲೂ ಹಿಟ್ಟುಂಡಿದ್ದೀರಲ್ಲ ಗೌಡ್ರೇ?" ಎಂದಳು ಪವಿತ್ರಾ. ಮುಖ ನೋಡಿ ಮಾತು ಕಡಿಮೆ ಮಾಡುವ ಜಾಯಮಾನವಲ್ಲ ಅವಳದು.

ಗೌಡರು ಅವಳ ದನಿ ಬಂದ ಕಡೆ ತಿರುಗಿದರು. "ಅವ್ಳು ಎದ್ರಿಗೆ ಕುಂತು ಬಡ್ಸುದ್ಲು, ಉಂಡೆ ಕಣವ್ವ. ಅದೂ ಇದೂ ಒಂದೇನಾ?"

ನಾನು ಜೇಬಿನಿಂದ ನನ್ನದೇ ಜಂಟಿ ಫೋಟೊ ತೆಗೆದು ಅವರ ಕೈಗೆ ಕೊಟ್ಟೆ. ನನ್ನ ಪಿಂಚಣಿ ಕಾಗದಕ್ಕೆ ತೆಗೆಸಿದ್ದರಲ್ಲಿ ಉಳಿದದ್ದು. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಪಕ್ದಲ್ಲಿರೋರು ಅಮ್ಮಾವ್ರಾ? ನೀವು ಸತ್ಮೇಲೆ ಅಂತ ಬರ್ದಿರೋ ಕಾಗ್ದಕ್ಕೆ ಅವ್ರು ಒಪ್ಕಂಡ್ರಾ?"

"ಜರಿ ಸೀರೆ ಉಟ್ಟುಕೊಂಡು ಬಂದಳು. ಫೋಟೊ ಆದ ಮೇಲೆ ದೋಸೆ ಕೊಡಿಸಿ ಅಂದಳು."

ಬೋರೇಗೌಡರು ನಕ್ಕರು. ನಗು ಮುಗಿದ ಮೇಲೂ ಫೋಟೊವನ್ನು ಕೈಯಲ್ಲೇ ಹಿಡಿದಿದ್ದರು.

"ಗಂಡ್ಸಿನ ಲೆಕ್ಕ ಬ್ಯಾರೆ ಸಾ. ನಾವು ಮುಂದ್ಲಾಗಿ ಓಗೋದು ಅಂತ್ಲೇ ಎಲ್ರೂ ಅಂದ್ಕಂಡಿರದು, ನಾನೂ ಅಂಗೇ ಅಂದ್ಕಂಡಿದ್ದೆ. ಬುಧವಾರ ಅವ್ಳ ಎದೆ ಕುಯ್ತಾರೆ. ಇವತ್ತು ನಾನೋಗಿ ಕುರ್ಚಿ ಮ್ಯಾಲೆ ಕುಂತ್ಕಂಡು, ಅವ್ಳು ಓದ್ಮೇಲೆ ನಂಗಿಷ್ಟು ಕೊಡಿ ಅಂತ ಫೋಟೋ ಇಡುಸ್ಕಬೇಕಾ? ಓಗು ಅಂತ ನಾನೇ ಏಳ್ದಂಗಲ್ವಾ?"

ಅಷ್ಟು ಹೊತ್ತು ನಾನು ಅದನ್ನು ಬರೀ ಗೌಡಿಕೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಕೊಪ್ಪರಿಗೆಯ ಸದ್ದು ಬದಲಾಯಿತು. "ಪಾಕ ಬಂತು, ಇಳುಸ್ರಲಾ!" ಎಂದು ಕೂಗಿ ಎದ್ದುಬಿಟ್ಟರು. ನನ್ನ ಫೋಟೊ ಅವರ ಕೈಯಲ್ಲೇ ಹೋಯಿತು.

ನಾಲ್ಕಕ್ಕೆ ಸರಿಯಾಗಿ ಬೀಳ್ಕೊಡುಗೆ. ಮೇಡಂ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಗಡಿಯಾರದ ವಿಷಯದಲ್ಲಿ ನನಗೆ ಸಮ. ಹಾರ, ಶಾಲು, ಹಣ್ಣಿನ ಬುಟ್ಟಿ. ಮದ್ದೂರಿನಲ್ಲಿ ಎಂಥ ತಿಂಡಿ ಕೊಟ್ಟರೆಂದು ಬರೆಯುವ ಅಗತ್ಯವಿಲ್ಲ. ಭಾಷಣಗಳನ್ನು ಬಿಟ್ಟುಬಿಡುತ್ತೇನೆ, ಅವುಗಳಲ್ಲಿದ್ದ ಮನುಷ್ಯ ನನಗೆ ಪರಿಚಯದವನಲ್ಲ. ಸಲೀಂ ಫೋಟೊ ತೆಗೆಯುತ್ತಿದ್ದ. ಜಯಮ್ಮ ತಟ್ಟೆ ಹಂಚುತ್ತಿದ್ದಳು. ಎರಡು ತಟ್ಟೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಪವಿತ್ರಾ ಅವಳ ಹಿಂದೆಯೇ ಸುತ್ತುತ್ತ ಏನೋ ಪಿಸುಗುಡುತ್ತಿದ್ದುದನ್ನು ನಾನು ಗಮನಿಸಿದೆ.

ಆಗ ಬಾಗಿಲಲ್ಲಿ ಬೋರೇಗೌಡರು ಕಾಣಿಸಿಕೊಂಡರು. ಒಗೆದ ಪಂಚೆ, ತಲೆಗೆ ನೀರು ಹಚ್ಚಿ ಬಾಚಿದ ಕೂದಲು, ಕೈಯಲ್ಲಿ ಟವಲಿನ ಗಂಟು. ಆಲೆಮನೆಯವರು ಯಾರೋ ಬೈಕಿನಲ್ಲಿ ಬಿಟ್ಟುಹೋಗಿದ್ದರು.

"ಬಿಸಿ ಬೆಲ್ಲ ಸಾ, ನಿಮಗೇಂತ. ಅಂಗೇ ನಿಮ್ ಫೋಟೋ ನಂತಾವ್ಲೇ ಉಳ್ಕಂಬುಡ್ತು, ಕೊಟ್ಟೋಗವ ಅಂತ ಬಂದೆ."

"ಬೆಲ್ಲ ನಾನೇ ತತ್ತಿರ್ನಿಲ್ವಾ?" ಎಂದಳು ಜಯಮ್ಮ, ತಟ್ಟೆ ಕೆಳಗಿಡದೆ. "ಇಲ್ಲಿಗಂಟ ಬಂದೋರು ಬಂದ್ರಿ. ಏಳ್ಬುಡ್ತೀನಿ ಕೇಳಿ. ಬುಧವಾರ ನಾನು ಮೈಸೂರ್ಗೆ ಬರಕಿಲ್ಲ."

"ಯಾಕಮ್ಮೀ?"

"ನೀವು ಈ ಕುರ್ಚಿ ಮ್ಯಾಲೆ ಕುಂತ್ರೆ ನಾನು ಆ ಮಂಚದ ಮ್ಯಾಲೆ ಮನೀಕತೀನಿ. ಇಲ್ದಿದ್ರೆ ಬುಡಿ, ಇಬ್ರೂ ಮನೇಗೋಗವ. ಐದೂವರೆಗೆ ಬಸ್ಸೈತೆ."

ಕೋಣೆಯಲ್ಲಿ ತಿನ್ನುವುದು ನಿಂತಿತು. ಬೋರೇಗೌಡರ ದನಿ ಇಳಿಯಿತು. "ನೀನು ಓದ್ಮೇಲೆ ಅಂತ ನಾನೆಂಗಮ್ಮೀ ಕುಂತ್ಕಳ್ಲಿ?"

"ಕುಂತ್ಕಂಡ್ರೆ ಯಮ ಬಂದ್ಬುಡ್ತಾನಾ? ನಿಮ್ ಮೂತಿ ಫೋಟೋ ಕಂಡ್ರೆ ಅವ್ನೂ ಆ ಕಡೀಕೇ ಓಯ್ತಾನೆ." ಯಾರೋ ಕಿಸಕ್ಕೆಂದರು. ಜಯಮ್ಮ ನಗಲಿಲ್ಲ. "ಎದ್ರಿಗೆ ಕುಂತು ಬಡ್ಸುದ್ರೇ ಉಣ್ಣೋದು ಅಂದ್ರಂತಲ್ಲ, ಪವಿತ್ರಮ್ಮ ಏಳುದ್ಲು. ಮೂವತ್ ವರ್ಸ ಈ ಆಫೀಸ್ನಲ್ಲಿ ಕಸ ಗುಡ್ಸಿ ನೀರು ಒತ್ತೀವ್ನಿ. ಆ ದುಡ್ಡೂ ನಾನು ಬಡ್ಸಿದ್ದೇ ಕಣಿ. ಉಣ್ಣೋರು ಯಾರು ಅಂತ ಕಾಗ್ದದಲ್ಲಿ ಬರೀಬೇಕಂತೆ. ನಿಮ್ಮನ್ ಬುಟ್ಟು ನಾನ್ ಯಾರಿಗ್ ಬಡ್ಸ್ಲಿ?"

ಬೋರೇಗೌಡರು ಟವಲಿನ ಗಂಟನ್ನು ನನ್ನ ಕೈಗೆ ಕೊಟ್ಟರು. ಕೈ ಚಾಚಿ ಕುರ್ಚಿಯ ಬೆನ್ನನ್ನು ತಡವಿ ಹುಡುಕಿಕೊಂಡು, ಕುಳಿತರು.

ಮೇಡಂ ತಾವೇ ಎದ್ದು ತಮ್ಮ ಕುರ್ಚಿಯನ್ನು ಎಳೆದು ಗೌಡರ ಪಕ್ಕಕ್ಕಿಟ್ಟರು. ಜಯಮ್ಮ ಸೆರಗು ಸರಿಮಾಡಿಕೊಂಡು ಕುಳಿತಳು. ಶಾಖೆಯ ಉತ್ಸಾಹಿಯೊಬ್ಬ ನನ್ನ ಕೊರಳಿನಿಂದ ತೆಗೆದಿಟ್ಟಿದ್ದ ಹಾರವನ್ನು ಎತ್ತಿಕೊಂಡು ದಂಪತಿಗಳಿಗೆ ಹಾಕಲು ಬಂದ. ಹೂವಿನ ವಾಸನೆಗೇ ಗೌಡರಿಗೆ ತಿಳಿದುಹೋಯಿತು.

"ಏಯ್, ಆರ ಗೀರ ಬ್ಯಾಡ ಕಣಪ್ಪೋ! ಫೋಟೋಕ್ಕೆ ಆರ ಬೀಳದು ಯಾವಾಗ್ಲಾ?"

ಈ ಸಲ ಜಯಮ್ಮನೂ ನಕ್ಕಳು.

"ಗೌಡ್ರೇ, ಸ್ವಲ್ಪ ಹತ್ರ ಸರೀರಿ," ಎಂದ ಸಲೀಂ.

"ಇನ್ನೆಲ್ಲಿಗಪ್ಪ ಸರೀಲಿ, ಮದ್ವೇಲೂ ಇಷ್ಟತ್ರ ಕುಂತಿರ್ನಿಲ್ಲ. ನೀನು ನೆಟ್ಗೆ ತಗಿ. ಈ ಸರ್ತಿ ಕೈಗಳ ಲೆಕ್ಕ ಸರಿಯಾಗಿರ್ಲಿ."

ಬುಧವಾರ ಏನಾಯಿತೆಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಆಪರೇಷನ್ ಚೆನ್ನಾಗಿ ಆಯಿತು. ಅಕ್ಟೋಬರಿನಲ್ಲಿ ಜಯಮ್ಮ ಹಾರ ಶಾಲಿನೊಡನೆ ನಿವೃತ್ತಳಾದಳು. ಹೋದ ತಿಂಗಳು ಮಂಡ್ಯದ ನಮ್ಮ ಮನೆಗೆ ಇಬ್ಬರೂ ಬಸ್ಸಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಯಾರು ಕಿಟಕಿಯ ಪಕ್ಕ ಕೂರಬೇಕೆಂದು ಜಗಳವಾಡಿಕೊಂಡು ಬಂದರಂತೆ. ಕಣ್ಣು ಕಾಣದವರಿಗೆ ಕಿಟಕಿ ಯಾಕೆ ಎಂದು ಅವಳು, ಗಾಳಿ ನೋಡಕ್ಕೆ ಕಣ್ ಬೇಕಾ ಎಂದು ಇವರು. ಮೈದುನನ ಕೈಯುಳ್ಳ ಹಳೆಯ ಫೋಟೊ ಪವಿತ್ರಾಳ ಮೇಜಿನ ಗಾಜಿನ ಕೆಳಗಿದೆ. ಹೊಸದಾಗಿ ಸೇರಿದವರಿಗೆ ಅದನ್ನು ತೋರಿಸಿಯೇ ಅವಳು ಪಾಠ ಶುರುಮಾಡುವುದು.

ಆ ಸಂಜೆಗೆ ಬರುತ್ತೇನೆ. ಸಲೀಂ ರಸ್ತೆ ದಾಟಿ ಹೋಗಿ ಪ್ರಿಂಟು ತಂದ. ಒಂದರಲ್ಲೂ ಮೂರನೆಯವರ ಕೈ ಇರಲಿಲ್ಲ. ಗೌಡರ ಎಡಗೈ ಮಾತ್ರ ಎಲ್ಲಿಯೂ ಕಾಣಲಿಲ್ಲ. ಅದು ಜಯಮ್ಮನ ಕುರ್ಚಿಯ ಹಿಂದೆ ಇತ್ತು. ಮೇಡಂ ಮೂರು ಪ್ರತಿಗಳಿಗೂ ಸಹಿ ಹಾಕಿ ಮೊಹರು ಒತ್ತಿದರು. ಪವಿತ್ರಾ ನನ್ನ ಕುರ್ಚಿಯಲ್ಲಿ ಕುಳಿತು ಕುಟುಂಬದ ವಿವರದ ಕಾಲಂ ತುಂಬಿಸಿದಳು. ನಾನು ಎದುರಿಗೆ, ಅರ್ಜಿದಾರರು ಕೂರುವ ಬೆಂಚಿನ ಮೇಲಿದ್ದೆ.

"ಏನ್ ಬರ್ದೆ, ಓದವ್ವ," ಎಂದರು ಬೋರೇಗೌಡರು.

ಮಳವಳ್ಳಿಯ ಹೆಡ್ ಕ್ಲರ್ಕರನ್ನು ಅವಳು ಕಂಡವಳಲ್ಲ. ಆದರೂ ಇಡೀ ಕೋಣೆಗೆ ಕೇಳುವಂತೆ ಓದಿದಳು: "ಬೋರೇಗೌಡ. ನೌಕರರೊಂದಿಗೆ ಸಂಬಂಧ, ಪತಿ."

"ಅಷ್ಟೇಯಾ? ಓದ್ಮೇಲೆ ಗೀದ್ಮೇಲೆ ಅಂತ ಏನೂ ಇಲ್ವಾ?"

"ಆ ಸಾಲಿನಲ್ಲಿ ಇಲ್ಲ ಗೌಡ್ರೇ," ಎಂದೆ. ಅದು ನಿಜವಾಗಿತ್ತು.

"ಅಂಗಾರೆ ಕೊಡಿ ಪೆನ್ನ."

ಸಹಿ ಹಾಕುವ ಜಾಗದ ಮೇಲೆ ಜಯಮ್ಮ ಅವರ ಬೆರಳನ್ನು ಇಟ್ಟು ತೋರಿಸಿದಳು. ಅವರು ನಿಧಾನವಾಗಿ ಪೂರ್ತಿ ಹೆಸರು ಬರೆದರು. ನಾನು ಲಕೋಟೆ ಅಂಟಿಸಿ, ವಿಳಾಸ ನೋಡಿ, ರವಾನೆ ಪುಸ್ತಕದಲ್ಲಿ ನಮೂದಿಸಿ, ಚೀಟಿಯಲ್ಲಿದ್ದ ಮೂರನೆಯ ಸಾಲಿಗೆ ಗೆರೆ ಎಳೆದೆ. ಐದೂವರೆಯ ಬಸ್ಸು ಹೋಗಿಯಾಗಿತ್ತು. ಪವಿತ್ರಾ ಸ್ಕೂಟರು ತೆಗೆಯಲು ಎದ್ದಳು.